ನೆತ್ತಿಯ ಮೇಲೆ ಯಂತ್ರ, ಹೊಟ್ಟೆಯ ಮೇಲೆ ಮೈಲಾರಪ್ಪ

ಬೆಳಕು ಹರಿಯುವ ಹೊತ್ತು. ಹುಬ್ಬಳ್ಳಿ ವಿದ್ಯಾನಗರದ ಖಾಸಗಿ ಆಸ್ಪತ್ರೆಯೊಂದರ ಬಾಣಂತಿಯರ ವಾರ್ಡಿನಲ್ಲಿ ಒಂದು ಮಂಚವನ್ನು ಪಕ್ಕಕ್ಕೆ ಸರಿಸಿ ಏಣಿ ನಿಲ್ಲಿಸಿದ್ದಾರೆ. ಏಣಿ ಹಿಡಿದಿರುವವರು ಆಯಾ ಶೇವಂತೆವ್ವ. ಮೇಲೆ ಫಾಲ್ಸ್ ಸೀಲಿಂಗಿನ ಕಿಂಡಿಯಲ್ಲಿ ಎರಡು ಪಾದ ಮಾತ್ರ ಕಾಣುತ್ತಿವೆ. ಅವು ಏಸಿ ಮೆಕ್ಯಾನಿಕ್ ಮೈಲಾರಪ್ಪನವರ ಪಾದಗಳು. ಉಳಿದ ಮೈಯೆಲ್ಲ ಒಳಗಿನ ಕತ್ತಲಲ್ಲಿ ತೆವಳುತ್ತಿದೆ.

"ಬಕೀಟ ಹಿಡೀರಿ ಶೇವಂತಕ್ಕಾ, ನೀರು ಬಂತು!"

ಕೊಳಕು ನೀರು ಬಂದೇ ಬರುತ್ತದೆ, ಅರ್ಧ ಬಕೆಟ್ಟಿಗೆ, ಅರ್ಧ ಶೇವಂತೆವ್ವನವರ ಸೀರೆಗೆ. ಪಕ್ಕದ ಮಂಚದ ಬಾಣಂತಿ ಮಗುವಿನ ಮೇಲೆ ಸೆರಗು ಎಳೆದುಕೊಳ್ಳುತ್ತಾಳೆ.

ಈ ಆಸ್ಪತ್ರೆಯ ಏಸಿಗಳು ನೀರಿನವು. ವಾರ್ಡಿನ ಸೆಕೆಯನ್ನು ಕೊಳವೆಯಲ್ಲಿ ಹರಿಯುವ ನೀರಿಗೆ ದಾಟಿಸಿ ತಂಪು ಮಾಡುತ್ತವೆ. ಚಳಿಗಾಲದಲ್ಲಿ ಅದೇ ನೀರಿನಿಂದ ಬಿಸಿ ಎಳೆದು ವಾರ್ಡನ್ನು ಬೆಚ್ಚಗಿಡುತ್ತವೆ. ಯಂತ್ರದ ಬಗ್ಗೆ ತಕರಾರಿಲ್ಲ. ತಕರಾರಿರುವುದು ಅದನ್ನಿಟ್ಟ ಜಾಗದ ಬಗ್ಗೆ.

ಕಟ್ಟಡದ ನಕಾಶೆಯಲ್ಲಿ ಪ್ರತಿ ಮಹಡಿಯ ಪಡಸಾಲೆಗೆ ಹೊಂದಿಕೊಂಡು ಯಂತ್ರಕ್ಕೊಂದು ಪುಟ್ಟ ಕೋಣೆ ಇತ್ತು. ಆಮೇಲೆ ವಾಸ್ತುವಿನವರು ಬಂದರು. ನೀರಾದರೆ ಈಶಾನ್ಯ, ಬೆಂಕಿಯಾದರೆ ಆಗ್ನೇಯ. ಈ ಯಂತ್ರದಲ್ಲಿ ನೀರೂ ಇದೆ, ಬಿಸಿಯೂ ಇದೆ. ಯಾವ ಮೂಲೆಗಿಟ್ಟರೂ ದೋಷ! ತಲೆ ಕೆರೆದುಕೊಂಡು ಕೊನೆಗೊಂದು ಪರಿಹಾರ ಹುಡುಕಿದರು: ನೆಲಕ್ಕೆ ತಾಗದಿದ್ದರೆ ದೋಷವಿಲ್ಲ. ಯಂತ್ರಗಳು ರೋಗಿಗಳ ನೆತ್ತಿಗೇರಿದವು. ಆ ಕೋಣೆಗಳಲ್ಲಿ ಈಗ ಮುರಿದ ಗಾಲಿಕುರ್ಚಿಗಳು ಆರಾಮಾಗಿವೆ. ಯಂತ್ರದ ಧೂಳು ಸೋಸುವ ಜಾಳಿಗೆ ತೊಳೆಯಲು, ನೀರಿನ ತಟ್ಟೆಯ ಪಾಚಿ ಕೆರೆದು ತೆಗೆಯಲು ಒಬ್ಬ ಮನುಷ್ಯ ಹೋಗಬೇಕಲ್ಲ, ಅವನು ಯಾವ ದಿಕ್ಕಿನಿಂದ ಹೋಗಬೇಕೆಂದು ಒಬ್ಬರೂ ಕೇಳಲಿಲ್ಲ. ನನಗೆ ಮೈ ಉರಿಯುವುದು ಇಲ್ಲಿಯೇ.

ಕೆಲಗೇರಿಯ ಮೈಲಾರಪ್ಪ ಮೊದಲು ಕಮರಿಪೇಟೆಯ ಅಂಗಡಿಯೊಂದರಲ್ಲಿ ಫ್ರಿಜ್ ರಿಪೇರಿ ಮಾಡುತ್ತಿದ್ದರು. ಆಸ್ಪತ್ರೆ ಶುರುವಾದಂದಿನಿಂದ ಇಲ್ಲಿದ್ದಾರೆ. ದಿನಕ್ಕೆ ಎರಡೋ ಮೂರೋ ಯಂತ್ರ, ರೋಗಿಗಳಿಗೆ ತಿಂಡಿ ಬರುವ ಮುನ್ನ ಮುಗಿಯಬೇಕು. "ಮನ್ಯಾಗ ಚನ್ನಬಸವ್ವ ಕೇಳ್ತಾಳ್ರಿ, ಮಂದೀವು ಚಪ್ಪಲಿ ಸವೀತಾವು, ನಿಮ್ಮ ಅಂಗಿ ಮೊಣಕೈ ಯಾಕ ಸವೀತಾವು ಅಂತ" ಎಂದು ಹೆಂಡತಿಯ ಮಾತು ನೆನೆದು ನಗುತ್ತಾರೆ.

ಕಳೆದ ಬೇಸಿಗೆಯ ಮಾತು ತೆಗೆದರೆ ಆ ನಗು ಇರುವುದಿಲ್ಲ. ಇದೇ ವಾರ್ಡಿನಲ್ಲಿ ಸೀಲಿಂಗಿನ ಹಲಗೆ ಮುರಿದು ಅವರು ಎರಡು ಮಂಚಗಳ ನಡುವೆ ಬಿದ್ದರು. ಬಲಭುಜ ಮುರಿಯಿತು. ಗೇಣಿನಾಚೆ ಹಸುಗೂಸು ಮಲಗಿತ್ತು.

"ನನ್ನ ಭುಜಾ ಹೋಗ್ಲಿ ಬಿಡ್ರಿ. ಆ ಕೂಸಿನ ಮ್ಯಾಲ ಬಿದ್ದಿದ್ರ ನಾ ಹೆಂಗ ಬದಕತಿದ್ನಿ?"

ಆಸ್ಪತ್ರೆಯವರು ಕೊಟ್ಟ ಕಾರಣ, ಮೈಲಾರಪ್ಪನ ಅಜಾಗರೂಕತೆ! ನಾಚಿಕೆಯಾಗಬೇಕು. ಮನುಷ್ಯನ ಭಾರ ತಾಳದ ಹಲಗೆಯ ಮೇಲೆ ಮನುಷ್ಯನನ್ನು ಹತ್ತಿಸಿದವರು ಜಾಗರೂಕರು, ಬಿದ್ದವನು ತಪ್ಪಿತಸ್ಥ. ಭುಜ ಈಗಲೂ ಪೂರ್ತಿ ಮೇಲೇಳುವುದಿಲ್ಲ.

ಪಕ್ಕದಲ್ಲೀಗ ಮಕ್ಕಳ ವಾರ್ಡು ಏಳುತ್ತಿದೆ. ಅಲ್ಲಿಯೂ ಯಂತ್ರಗಳನ್ನು ಮಂಚಗಳ ಮೇಲೆಯೇ ತೂಗುಹಾಕುವ ತಯಾರಿ. ಹೋದ ವಾರ ಆಸ್ಪತ್ರೆಯ ಮಾಲೀಕರು ಈ ಬಾಣಂತಿಯರ ವಾರ್ಡಿಗೆ ಬಂದಾಗ ಮೈಲಾರಪ್ಪ ಅಡ್ಡ ನಿಂತು ಕೇಳಿಯೇಬಿಟ್ಟರು. "ಸಾಹೇಬ್ರ, ಪಡಸಾಲಿ ಬಾಜೂ ಕ್ವಾಣ್ಯಾಗ ಇಡ್ರಿ. ಬಾಗಲಾ ತಗದ್ರ ಮಷೀನು ಕೈಗೆ ಸಿಗತೈತಿ."

"ಇಷ್ಟು ವರ್ಷ ಮ್ಯಾಲ ಇದ್ದು ಏನಾಗೇತೋ?" ಎಂದರು ಮಾಲೀಕರು.

ಮೈಲಾರಪ್ಪ ತಾವು ಬಿದ್ದ ಜಾಗದ ಪಕ್ಕದ ಮಂಚ ತೋರಿಸಿದರು. ಅದು ಖಾಲಿಯಿತ್ತು. "ಹಂಗಾದ್ರ ನೀವು ಇಲ್ಲಿ ಮಲಕೋರಿ. ನಾ ಮ್ಯಾಲ ಏರ್ತೇನಿ."

ಮಾಲೀಕರು ಮಲಗಲಿಲ್ಲ. ವಾಚು ನೋಡಿಕೊಂಡು ಹೊರಟರು. ಹಿಂದಿದ್ದ ಮ್ಯಾನೇಜರ್ ಮಾತ್ರ ತಿರುಗಿ, "ಏರಾಕ ಬ್ಯಾರೇ ಮಂದಿ ಸಿಗ್ತಾರ" ಎಂದು ಹೇಳಿಹೋದರು.

"ಸಿಗ್ತಾರ, ಖರೇ. ಅವ್ರಿಗೂ ಭುಜಾ ಇರ್ತಾವಲ್ರಿ" ಎನ್ನುತ್ತಾರೆ ಮೈಲಾರಪ್ಪ. ಮಕ್ಕಳ ತಲೆಯ ಮೇಲೆ ತಾವಂತೂ ಹತ್ತುವುದಿಲ್ಲವೆಂದು ಹೇಳಿಯಾಗಿದೆ. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಹೊಸ ವಾರ್ಡಿನಿಂದ ಡ್ರಿಲ್ಲಿನ ಸದ್ದು ಕೇಳುತ್ತಲೇ ಇದೆ.

ನಿಮ್ಮ ಆಸೆ ಏನು ಎಂದು ಕೇಳುತ್ತೇನೆ. ಅವರು ಏಣಿಯಿಂದಿಳಿದು ಮೊಣಕೈಯ ಧೂಳು ಝಾಡಿಸುತ್ತಾರೆ.

"ನಿಂತು ಕೆಲಸಾ ಮಾಡಬೇಕ್ರಿ, ಅಷ್ಟ. ಮಷೀನು ನೆಲಕ್ಕ ತಾಗಬಾರದಂತ. ನನ್ನ ಕಾಲಾದ್ರೂ ತಾಗಬೇಕೋ ಬ್ಯಾಡೋ?"