ಮೆಲ್ತಿನೆ ಬರೆಸಿದ ತಪ್ಪಿನ ಕಲ್ಲುಗಳು

ಮೆಲ್ತಿನೆಗೆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಗಂಡ ಸತ್ತ ಮೇಲೆ ಉಣ್ಣೆ ನೂತು, ಮಗ್ಗ ಹಾಕಿ, ಒಬ್ಬನೇ ಮಗ ತ್ರೋಫಿಮನನ್ನು ಸಾಕಿದವಳು. ಸುಟ್ಟ ಕರಿ ನೆಲದ ನಮ್ಮ ಸೀಮೆಯಲ್ಲಿ ದ್ರಾಕ್ಷಿಬಳ್ಳಿ ಬಿಟ್ಟರೆ ಬೇರೇನೂ ಸಲೀಸಾಗಿ ಬೆಳೆಯುವುದಿಲ್ಲ. ಗಂಡಿಲ್ಲದ ಹೆಂಗಸು ಮಗನನ್ನು ಆಳೆತ್ತರ ಬೆಳೆಸಿದ್ದೇ ದೊಡ್ಡ ಮಾತು. ನಾನು ಅವಳ ಪಕ್ಕದ ಮನೆಯವಳು. ಅವಳ ಬಾಯಿಗೆ ಸಿಕ್ಕಿ ಎಷ್ಟೋ ಸಲ ಅತ್ತಿದ್ದೇನೆ, ಆದರೂ ಅವಳೆಂದರೆ ನನಗೆ ಪ್ರಾಣ.

ಗಂಡನಿಗೆಂದು ಅವಳೇ ನೇಯ್ದು ಕೆಂಪು ಬಣ್ಣ ಕಟ್ಟಿದ ಹೊದಿಕೆಯೊಂದಿತ್ತು. ದ್ರಾಕ್ಷಿ ಕೊಯ್ಲಿನ ಸಮಯದಲ್ಲಿ ಬಿಸಿಲಿಗೆ ಹಾಕಿದ್ದು ಸಂಜೆಯೊಳಗೆ ಮಾಯವಾಯಿತು. ಬೇರೆ ಯಾರೇ ಆಗಿದ್ದರೂ ನಾಲ್ಕು ಮನೆ ಕೇಳುತ್ತಿದ್ದರು. ಇವಳು ನೆಟ್ಟಗೆ ನಮ್ಮ ಚಂದ್ರದೇವರಾದ ಮೇನ್ ದೇವರ ಗುಡಿಗೆ ಹೋದಳು.

"ಕೋಲು ನೆಡಿಸಿ ಅಯ್ಯನವರೇ. ಕದ್ದೋರ ಕಣ್ಣು ಹೋಗ್ಲಿ!"

ಪೂಜಾರಿ ಮೆತ್ರೋಫಾನ, ಹೊದಿಕೆ ಕಳುವಾಗಿದ್ದು ನಿಜವೆಂದು ಅವಳ ಕೈಯಲ್ಲಿ ಆಣೆ ಇಡಿಸಿ, ದೇವರ ಕೋಲನ್ನು ಅಂಗಳದಲ್ಲಿ ನೆಟ್ಟರು. ಕೋಲು ನೆಟ್ಟ ಮೇಲೆ ಮನುಷ್ಯರ ಪಂಚಾಯಿತಿ ಮುಗಿದಂತೆ. ಕಳ್ಳ ತಾನಾಗಿ ಬಂದು, ತನ್ನ ಹೆಸರು, ತನ್ನ ತಪ್ಪು, ದೇವರು ಕೊಟ್ಟ ಶಿಕ್ಷೆ ಎಲ್ಲವನ್ನೂ ಕಲ್ಲಿನಲ್ಲಿ ಕೊರೆಸಿ ದಾರಿ ಬದಿಗೆ ನಿಲ್ಲಿಸುವವರೆಗೆ ಕೋಲನ್ನು ಕೀಳುವಂತಿಲ್ಲ. ಅಂಥ ಕಲ್ಲುಗಳು ನಮ್ಮ ಗುಡಿಯ ದಾರಿಯುದ್ದಕ್ಕೂ ಇವೆ. ನಮ್ಮ ಅಜ್ಜಂದಿರ ಮಾನವೆಲ್ಲ ಅಲ್ಲಿ ಬಿಸಿಲು ಕಾಯುತ್ತಿದೆ.

ದ್ರಾಕ್ಷಾರಸ ಹುದುಗು ಬರುವ ಹೊತ್ತಿಗೆ ತ್ರೋಫಿಮನ ಬಲಗಣ್ಣು ಕೆಂಪಾಯಿತು. ಮೊದಲು ಧೂಳು ಅಂದರು. ಆಮೇಲೆ ಕೀವು ಬಂತು. ಒಂದು ಬೆಳಿಗ್ಗೆ ಮೆಲ್ತಿನೆ ನನ್ನ ಮನೆಗೆ ಬಂದು ಬಾಗಿಲು ಹಾಕಿಕೊಂಡಳು.

"ಅಮ್ಮಿಯಾ, ಹೊದಿಕೆ ತಗೊಂಡೋನು ನನ್ ಮಗನೇ ಕಣೇ. ಕೆಳಗಿನೂರಿನ ಯಾವಳಿಗೋ ಕೊಟ್ಟವ್ನೆ. ರಾತ್ರಿಯೆಲ್ಲ ಅತ್ತು ಹೇಳ್ದ."

ನಾನು ಅವಳ ಕೈ ಹಿಡಿದುಕೊಂಡೆ. "ಹಂಗಾದ್ರೆ ಹೋಗಿ ಒಪ್ಕೊಳ್ಲಿ. ಕಣ್ಣಾದ್ರೂ ಉಳೀತದೆ."

"ಕಳ್ಳ ಅಂತ ಕಲ್ಲಲ್ಲಿ ಬರೆಸ್ಲಾ? ಅವನ ಮೊಮ್ಮಕ್ಕಳೂ ಓದ್ಬೇಕಾ? ಬಾಯ್ ಮುಚ್ಚೇ. ಕಣ್ಣು ಕೇಳ್ದೋಳು ನಾನು. ನಂದೇ ತಗೊಳ್ಳಲಿ."

ಅಂದೇ ಹೋಗಿ ತಾನೇ ಸುಳ್ಳು ಆಣೆ ಇಟ್ಟೆ, ಯಾರೂ ಏನೂ ಕದಿಯಲಿಲ್ಲ, ಹೊದಿಕೆಯನ್ನು ಸಂತೆಯಲ್ಲಿ ತಾನೇ ಮಾರಿಕೊಂಡಿದ್ದೆ ಎಂದು ಪೂಜಾರಿಯ ಮುಂದೆ ಹೇಳಿಬಿಟ್ಟಳು. ಪೂಜಾರಿ ಅಂಗಳದ ಕೋಲಿನತ್ತ ಕೈ ತೋರಿಸಿದರು.

"ಯೋಚ್ನೆ ಮಾಡಿ ಹೇಳ್ದೇನಮ್ಮ? ಕಲ್ಲಿಗೆ ಹೋದ ಮಾತು ವಾಪಸ್ ಬರಲ್ಲ."

"ಮಾಡಿದ್ದೀನಿ."

ಕಲ್ಲು ನಿಂತಿತು. ಮೇಲೆ ಚಂದ್ರ, ಕೆಳಗೆ ಒಂದು ಜೊತೆ ಕಣ್ಣು. ಸುಳ್ಳಾಣೆಗಾಗಿ ದೇವರು ಈಕೆಯನ್ನು ಮಗನ ಕಣ್ಣಿನ ಮೂಲಕ ಶಿಕ್ಷಿಸಿದನೆಂದು, ಈಗ ಆಕೆ ಒಪ್ಪಿಕೊಂಡು ದೇವರ ಮಹಿಮೆ ಸಾರುತ್ತಾಳೆಂದು ಬರೆದಿತ್ತು. ಕೋಲು ಕಿತ್ತರು. ಬಾವಿಯ ಬಳಿ ಹೆಂಗಸರು ಕೊಡ ಹಿಡಿದು ಸರಿದು ನಿಂತರು. "ಬಂದ್ಳು ನೋಡ್ರೇ, ಸತ್ಯವಂತೆ!" ಎಂದು ಒಬ್ಬಳು ಕಿಸಕ್ಕೆಂದಳು. ಮೆಲ್ತಿನೆ, ಆ ಮೆಲ್ತಿನೆ, ಒಂದು ಮಾತೂ ತಿರುಗಿಸಲಿಲ್ಲ.

ಆದರೆ ಕಣ್ಣು ವಾಸಿಯಾಗಲಿಲ್ಲ. ಚಳಿ ಶುರುವಾಗುವಷ್ಟರಲ್ಲಿ ಎಡಗಣ್ಣೂ ಮಂಜಾಯಿತು.

ಒಂದು ಮಧ್ಯಾಹ್ನ ನಾನು ಗುಡಿಗೆ ಎಣ್ಣೆ ಕೊಡಲು ಹೋದಾಗ ತ್ರೋಫಿಮ ಗೋಡೆ ಸವರಿಕೊಂಡು ಬಂದ. ಕಂಬದ ಮರೆಯಲ್ಲಿದ್ದ ನಾನು ಅವನಿಗೆ ಕಾಣಲಿಲ್ಲ.

"ಅಯ್ಯನವರೇ, ಹೊದಿಕೆ ಕದ್ದೋನು ನಾನು. ನನ್ ಹೆಸರಲ್ಲಿ ಕಲ್ಲು ಹಾಕ್ಸಿ."

ಮೆತ್ರೋಫಾನ ಕೈಯಲ್ಲಿದ್ದ ಧೂಪದ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟರು. "ಏನೂ ಕಳುವಾಗಿಲ್ಲ ಅಂತ ನಿಮ್ಮವ್ವ ಬರೆಸಿದ್ದಾಳಲ್ಲಪ್ಪ. ನೀನು ಕದ್ದಿದ್ದು ನಿಜ ಆದ್ರೆ ಅವಳು ದೇವರ ಕಲ್ಲಿನ ಮೇಲೇ ಸುಳ್ಳು ಬರೆಸಿದಳು ಅಂತಾಯ್ತು. ಜನಕ್ಕೆ ಸುಳ್ಳು ಹೇಳ್ದೋರನ್ನ ನೋಡಿದ್ದೀನಿ, ಆಣೇಲಿ ಸುಳ್ಳು ಹೇಳ್ದೋರನ್ನೂ ನೋಡಿದ್ದೀನಿ. ಇದಕ್ಕೆ ದೇವರು ಏನು ಕೇಳ್ತಾನೋ ನಂಗೊತ್ತಿಲ್ಲ. ಕೇಳೋದು ಮಾತ್ರ ಅವಳನ್ನೇ. ಈಗ ಹೇಳು, ಕದ್ದೆಯಾ?"

ಯಾರೂ ಮುಟ್ಟಬಾರದ ಗುಡಿಯ ಪಾರಿವಾಳಗಳು ಮಾಡಿನ ಮೇಲೆ ಗುಟುರು ಹಾಕುತ್ತಿದ್ದವು. ಹುಡುಗ ಕೀವು ಕಟ್ಟಿದ ಕಣ್ಣನ್ನು ತೋಳಿನಿಂದ ಒರೆಸಿಕೊಂಡ.

"ಇಲ್ಲ ಅಯ್ಯನವರೇ. ಜ್ವರದಲ್ಲಿ ಏನೋ ಬಡಬಡಿಸ್ದೆ."

ಹೇಗೆ ಬಂದಿದ್ದನೋ ಹಾಗೆಯೇ ಗೋಡೆ ಸವರಿಕೊಂಡು ಹೋದ. ನಾನು ಎಣ್ಣೆಯ ಕುಡಿಕೆಯನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ. ನನಗೆ ಆ ದೇವರ ಅಂಗಳದಲ್ಲಿ ನಿಲ್ಲಲು ಭಯವಾಯಿತು.

ಮಗ ಗುಡಿಗೆ ಹೋಗಿದ್ದು ಮೆಲ್ತಿನೆಗೆ ಗೊತ್ತಿಲ್ಲ. ಅವಳ ಲೆಕ್ಕದಲ್ಲಿ ಹೊದಿಕೆಯ ತಪ್ಪು ಕಲ್ಲಿನೊಂದಿಗೆ ತೀರಿಹೋಗಿತ್ತು. ಆದರೂ ಕಣ್ಣು ಹೋಗುತ್ತಿದೆ ಎಂದರೆ ಇವನು ಇನ್ನೇನೋ ಮುಚ್ಚಿಟ್ಟಿದ್ದಾನೆ. ಹಗಲೆಲ್ಲ ಅವಳ ಕೂಗು ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು.

"ಇನ್ನೇನ್ ಮಾಡಿದ್ದೀಯೋ, ಬೊಗಳೋ! ಹೇಳ್ದೆ ಕುರುಡಾಗಿ ಸಾಯ್ತೀಯಾ?"

"ಏನೂ ಇಲ್ಲವ್ವ."

ಕೊನೆಗೊಂದು ದಿನ, ನಾನು ಅವರ ಒಲೆಯ ಪಕ್ಕದಲ್ಲೇ ಕುಳಿತಿರುವಾಗ, ಅವನು ಮುಖವನ್ನು ಅಮ್ಮನ ದನಿ ಬಂದ ಕಡೆಗೆ ತಿರುಗಿಸಿದ.

"ದೇವರ ಪಾರಿವಾಳ ಹಿಡಿದು ಸುಟ್ಟು ತಿಂದಿದ್ದೆ ಅವ್ವ. ಹೋದ್ ವರ್ಷ."

ಅವನು ಹಕ್ಕಿ ತಿನ್ನುವುದಿಲ್ಲ. ಚಿಕ್ಕಂದಿನಿಂದ ವಾಸನೆಗೇ ವಾಂತಿ ಮಾಡಿಕೊಳ್ಳುತ್ತಿದ್ದ. ಅದು ನನಗೂ ಗೊತ್ತು, ಹೆತ್ತವಳಿಗೂ ಗೊತ್ತಿರಬೇಕಿತ್ತು. ಆದರೆ ಮೆಲ್ತಿನೆ ಅವನ ತಲೆಯನ್ನು ಎದೆಗೊತ್ತಿಕೊಂಡು ಬಿಕ್ಕಿದಳು. ತಿಂಗಳುಗಳ ನಂತರ ಅವಳ ಮೈ ಹಗುರಾದದ್ದು ನನ್ನ ಕಣ್ಣಿಗೇ ಕಂಡಿತು.

ಇನ್ನೊಂದು ಕಲ್ಲಿನ ಖರ್ಚಿಗೆ ಮಗ್ಗ ಮಾರಿದಳು. ಕಲ್ಲುಕುಟಿಗ ನಿನ್ನೆಯಿಂದ ಹಕ್ಕಿಯ ರೆಕ್ಕೆ ಕೊರೆಯುತ್ತಿದ್ದಾನೆ. ಬೆಳಿಗ್ಗೆ ಮೆಲ್ತಿನೆ ನನ್ನ ಕೈ ಹಿಡಿದುಕೊಂಡು, ಎಷ್ಟೋ ದಿನದ ಮೇಲೆ ನಕ್ಕಳು.

"ಈ ಸಲ ಭಯ ಇಲ್ಲ ಅಮ್ಮಿಯಾ. ಈ ಸಲ ನಿಜಾನೇ ಬರೆಸ್ತಾ ಇದ್ದೀನಲ್ಲ."