ಉಲ್ಟಾ ಗಾಡಿಯ ಕಿಟಕಿ

ನಾನು ಕೂರಬೇಕಾಗಿದ್ದ ಕಿಟಕಿಯಲ್ಲಿ ನನ್ನ ಗೆಳತಿ ಕೂತು ಹತ್ತೊಂಬತ್ತು ದಿನ ಬೆಟ್ಟ ನೋಡಿ ಬಂದಳು. ಅದನ್ನು ನಾನು ಮರೆತಿಲ್ಲ. ಮರೆಯುವ ಮನಸ್ಸೂ ಇಲ್ಲ.

ನಾವಿಬ್ಬರೂ ವಿಜಾಪುರದ ಕಡೆಯವರು. ವಡಾಲದ ಚಾಳಿನಲ್ಲಿ ಎದುರುಬದುರು ಖೋಲಿ. ಇಬ್ಬರ ಗಂಡಂದಿರೂ ತೀರಿಕೊಂಡಿದ್ದಾರೆ. ಮಾಟುಂಗದ ಒಂದು ಖಾನಾವಳಿಯಲ್ಲಿ ಚಪಾತಿ ಲಟ್ಟಿಸುತ್ತೇವೆ, ಅರ್ಧ ಅವಳು, ಅರ್ಧ ನಾನು. ನನ್ನದು ನಾಲ್ಕನೇ ಇಯತ್ತೆಯ ಓದು, ಅವಳಿಗೆ ಅದೂ ಇಲ್ಲ. ನನಗಿಂತ ಆರು ವರ್ಷ ಚಿಕ್ಕವಳು, ಮೊಣಕಾಲು ಇನ್ನೂ ಗಟ್ಟಿ.

ಊರು ಬಿಟ್ಟು ಮುಂಬಯಿಗೆ ಬಂದ ಹೊಸದರಲ್ಲಿ ಅವಳಿಗೆ ಲೋಕಲ್ ಹತ್ತುವುದನ್ನು ಕಲಿಸಿದವಳು ನಾನು. ಆಗ ನಮ್ಮ ಕೆಲಸ ಮಸ್ಜಿದ್ ಕಡೆಯ ಒಂದು ಗೋದಾಮಿನಲ್ಲಿ. ಸಂಜೆ ಮಸ್ಜಿದ್ ಸ್ಟೇಷನ್ನಿನಿಂದ ವಡಾಲಕ್ಕೆ ಬರುವ ಗಾಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದಕ್ಕೆ ಮೊದಲು ಉಲ್ಟಾ ಗಾಡಿ ಹತ್ತಬೇಕು. ಒಂದು ಸ್ಟೇಷನ್ ಹಿಂದೆ ಹೋದರೆ ಸಿಎಸ್‌ಟಿ, ಅದೇ ಕೊನೆಯ ಸ್ಟೇಷನ್, ಅಲ್ಲಿ ಎಲ್ಲರೂ ಇಳಿಯುತ್ತಾರೆ. ನಾವು ಇಳಿಯದೆ ಕಿಟಕಿ ಹಿಡಿದು ಕೂರಬೇಕು. ಅದೇ ಗಾಡಿ ತಿರುಗಿ ವಡಾಲಕ್ಕೆ ಬರುತ್ತದೆ. ಈ ಊರಿನ ಹೆಂಗಸರಿಗೆಲ್ಲ ಗೊತ್ತಿರುವ ಉಪಾಯ.

ಹೋದ ವರ್ಷ ಚಾಳಿನ ಹೆಂಗಸರು ಹಿಮಾಚಲದ ದೇವಿಗೆ ಹೊರಟರು. ನಾವಿಬ್ಬರೂ ಹೆಸರು ಕೊಟ್ಟೆವು. ಮೊಮ್ಮಗಳ ಹಳೆಯ ಶಾಲೆ ಚೀಲ, ಬೆನ್ನಿಗೆ ಹಾಕುವಂಥದ್ದು, ತೊಳೆದು ಬಟ್ಟೆ ತುಂಬಿಟ್ಟಿದ್ದೆ. ಆಗ ಖಾನಾವಳಿ ಮಾಲೀಕ ಹೇಳಿದ, "ಇಬ್ಬರೂ ಒಮ್ಮೆಲೇ ಹೋದ್ರ ನಾ ಚಪಾತಿ ಮಶೀನ್ ತರಸ್ತೀನಿ ನೋಡ್ರಿ." ಕೆಲಸ ಹೋಗುತ್ತದೆಂದು ನನಗೆ ಹೆದರಿಕೆಯಾಯಿತು. ಮೊಣಕಾಲು ಬಾತಿದೆ ಎಂದು ಸುಳ್ಳು ಹೇಳಿ ಹಿಂದೆ ಸರಿದೆ. ಚೀಲವನ್ನು ಅವಳು ಒಯ್ದಳು.

ದರ್ಶನ ಮುಗಿಸಿ ಎಲ್ಲರೂ ಒಂದು ತಿರುವಿನಲ್ಲಿ ಕೆಳಗಿಳಿಯುವ ಬಸ್ಸು ಕಾಯುತ್ತಿದ್ದರಂತೆ. ಬರುವ ಬಸ್ಸೆಲ್ಲ ಭರ್ತಿ. ಅಷ್ಟರಲ್ಲಿ ಮೇಲೆ ಹೋಗುವ ಬಸ್ಸೊಂದು ಬಂತು, ಅರ್ಧ ಖಾಲಿ. ಇವಳಿಗೆ ಮಸ್ಜಿದ್ ಸ್ಟೇಷನ್ ನೆನಪಾಯಿತು. "ನಾ ಉಲ್ಟಾ ಹೋಗಿ ಎಲ್ಲಾರಿಗೂ ಜಾಗಾ ಹಿಡಕೊಂಡು ಬರ್ತೀನಿ, ಇಲ್ಲೇ ನಿಂದರ್ರಿ," ಎಂದು ಹತ್ತಿ ಕೂತಳು.

ಬಸ್ಸು ಐದು ತಾಸು ತಿರುಗಲೇ ಇಲ್ಲ.

ಮರುದಿನ ಮಧ್ಯಾಹ್ನ ನಾನು ಹಿಟ್ಟು ನಾದುವಾಗ ಅವಳ ಫೋನು.

"ಯಕ್ಕಾ, ಇಲ್ಲಿ ಗಾಡಿ ತಿರಗೂದಽ ಇಲ್ಲ. ಮುಂದ ಮುಂದ ಹೊಕ್ಕಾವ."

"ಇಳದು ವಾಪಸ್ ಬಾ, ಹುಚ್ಚಿ. ಅವರೆಲ್ಲಾ ಕಾಯಾಕತ್ತಿರಬೇಕು."

"ನೀವು ಹೋಗ್ರಿ ಅಂತ ಅವರಿಗೆ ಫೋನ್ ಮಾಡೇನಿ. ಮುಂಜಾನೆ ಬರಾಕಽ ನಿಂತಿದ್ದೆ. ಬಾಜೂಕ ಇನ್ನೊಂದು ಬಸ್ ಇತ್ತು, ಖಿಡಕಿ ಖಾಲಿ. ಕುಂತುಬಿಟ್ಟೆ."

"ಎಲ್ಲಿಗೆ ಹೋಗ್ತದದು?"

"ಕೇಳಿಲ್ಲ."

ಕೇಳಿಲ್ಲವಂತೆ. ನಾನು ಸ್ಲೋ ಗಾಡಿಯೋ ಫಾಸ್ಟ್ ಗಾಡಿಯೋ ಎಂದು ಮೂರು ಜನರನ್ನು ಕೇಳದೆ ಹತ್ತಿದವಳಲ್ಲ.

ದಿನಾ ಫೋನು ಬರತೊಡಗಿತು. ಒಂದೊಂದು ದಿನ ಒಂದೊಂದು ಊರು. ಅವುಗಳ ಹೆಸರು ಅವಳಿಗೂ ನೆಟ್ಟಗೆ ಬರುತ್ತಿರಲಿಲ್ಲ. ಚಹಾಕ್ಕೆ ಉಪ್ಪು ಹಾಕುತ್ತಾರಂತೆ. ಅಂಗಳದಲ್ಲಿ ಜರ್ದಾಳು ಹಣ್ಣು ಒಣಗಿಸುತ್ತಿದ್ದ ಮುದುಕಿಯ ಮನೆಯಲ್ಲಿ ಎರಡು ದಿನ ಇದ್ದಳಂತೆ, ಅವಳ ಭಾಷೆ ಇವಳಿಗಿಲ್ಲ, ಇವಳ ಭಾಷೆ ಅವಳಿಗಿಲ್ಲ, ಚಪಾತಿ ಲಟ್ಟಿಸಿಕೊಟ್ಟಳಂತೆ. ಕುರಿ ಹಿಂಡು ಅಡ್ಡ ಬಂದು ಬಸ್ಸು ಅರ್ಧ ತಾಸು ನಿಂತರೂ ಡ್ರೈವರ್ ಹಾರ್ನ್ ಹೊಡೆಯಲಿಲ್ಲವಂತೆ.

"ಥಂಡಿ ಭಾಳ ಐತೇನು?" ನಾನು ಆಸೆಯಿಂದ ಕೇಳಿದೆ.

"ಐತಿ. ನಿನ್ನ ಸ್ವೆಟರ್ ಚೀಲದಾಗ ಉಳದಿತ್ತಲ್ಲ, ಅದನ್ನಽ ಹಾಕ್ಕೊಂಡೇನಿ."

ಚೀಲ ನನ್ನದು, ಸ್ವೆಟರ್ ನನ್ನದು, ಉಪಾಯವೂ ನನ್ನದೇ. ನಾನು ಇಲ್ಲಿ ಅವಳ ಪಾಲಿನ ಚಪಾತಿಯನ್ನೂ ಲಟ್ಟಿಸಿ, ನಸುಕಿನಲ್ಲಿ ಅವಳ ಡ್ರಮ್ಮಿಗೂ ನೀರು ತುಂಬುತ್ತಿದ್ದೆ. ಹನ್ನೆರಡನೇ ದಿನ ಮಾಲೀಕನಿಗೆ ಹೇಳಿದೆ, "ಆಕಿ ಇನ್ನ ಬರೂದಿಲ್ಲ. ಆಕಿ ಪಾಲು ಕಾಯಂ ನನಗಽ ಕೊಡ್ರಿ." ಆತ ಹೂಂ ಅಂದ. ಹಾಗೆ ಹೇಳಿದ್ದಕ್ಕೆ ಆ ದಿನ ನನಗೆ ಒಳ್ಳೆಯ ನಿದ್ದೆ ಬಂತು.

ಅವಳು ಬಂದಳು. ಮುಖ ಸುಟ್ಟ ಬದನೆಕಾಯಿಯಂತಾಗಿತ್ತು, ತುಟಿ ಒಡೆದಿತ್ತು, ನಗು ಮಾತ್ರ ಹೋಗಿರಲಿಲ್ಲ. ಮೊದಲು ಖಾನಾವಳಿಗೆ ಹೋಗಿ, ಅಲ್ಲಿಂದ ನೇರ ನನ್ನ ಬಾಗಿಲಿಗೆ ಬಂದು ನಿಂತಳು.

"ಯಕ್ಕಾ, ನಾ ಸತ್ತೆ ಅಂತ ಹೇಳಿಯಂತಲ್ಲ."

"ಸತ್ತಿ ಅಂದಿಲ್ಲ. ಬರೂದಿಲ್ಲ ಅಂದೆ."

"ಹೊಟ್ಟಿಕಿಚ್ಚು."

"ಹೌದು."

ಅವಳು ಹೊಸ್ತಿಲ ಮೇಲೆ ಕೂತು ಚೀಲ ನನ್ನತ್ತ ತಳ್ಳಿದಳು. "ನನ್ನ ಅರ್ಧ ನನಗ ವಾಪಸ್ ಕೊಡು. ಯುಗಾದಿ ಮುಗಿದ ಮ್ಯಾಲ ಮತ್ತ ಹೊಂಟೇನಿ, ಆಗ ಬೇಕಾರ ಎಲ್ಲಾ ನೀನಽ ಲಟ್ಟಸು."

ಅಷ್ಟು ಸುಲಭವಾಗಿ ಬಿಟ್ಟುಕೊಟ್ಟಳು. ನಾನು ಯಾವುದಕ್ಕಾಗಿ ಬೆಟ್ಟ ಬಿಟ್ಟೆನೋ ಅದು ಅವಳಿಗೆ ಲೆಕ್ಕಕ್ಕೇ ಇರಲಿಲ್ಲ. ಬೈಯಲು ಬಾಯಿ ತೆರೆದೆ, ಬೇರೆಯದೇ ಬಂತು.

"ನಾನೂ ಬರ್ತೀನಿ. ಆದರ ಖಿಡಕಿ ನನಗ."

"ಯಾರು ಮೊದಲ ಹತ್ತತಾರೋ ಅವರಿಗೆ ಖಿಡಕಿ. ನೀನಽ ಕಲಿಸಿದ್ದು."

ಮರುದಿನ ಅವಳ ಅರ್ಧ ಅವಳಿಗೆ ಬಿಟ್ಟೆ. ಯುಗಾದಿ ಆದಮೇಲೆ ಇಬ್ಬರೂ ಹೋಗುತ್ತೇವೆ, ಬೇಕಾದರೆ ಮಶೀನ್ ತರಿಸಿಕೋ ಎಂದು ಮಾಲೀಕನಿಗೆ ಹೇಳಿದೆ. ಆತ ಇನ್ನೂ ತರಿಸಿಲ್ಲ.

ಈಗ ದಿನಾ ವಡಾಲ ಸ್ಟೇಷನ್ನಿನ ಸೇತುವೆಯ ಮೆಟ್ಟಿಲನ್ನು ಎರಡೆರಡು ಸಲ ಹತ್ತಿ ಇಳಿಯುತ್ತೇನೆ. ಅವಳಿಗೆ ಹೇಳಿಲ್ಲ. ಚೀಲ ನನ್ನ ಕಪಾಟಿನ ಮೇಲಿದೆ, ಡೀಸೆಲ್ಲು ಮತ್ತು ಕುರಿಯ ವಾಸನೆ ಹೊಡೆಯುತ್ತದೆ. ಈ ಸಲ ಕೇಳಿದರೆ ಕೊಡುವುದಿಲ್ಲ.