ಪೀರಬಿಯ ಮೂರಕ್ಷರ

ಪೀರಬಿಗೆ ಮೂರೇ ಅಕ್ಷರ ಬರುತ್ತಿದ್ದವು: ಪೀ, ರ, ಬಿ. ಕಲಿಸಿದವಳು ಎಂಟು ವರ್ಷದ ಮಗಳು ಇರಮ.

ನಿಂಬರ್ಗಾದ ಆಚೆ ಒಂದು ಹಳ್ಳಿ ಅವರದು. ಇರಮಳ ಕಾಲು ಹುಟ್ಟಿನಿಂದ ಸೊಟ್ಟ, ಮಾತು ತೊದಲು. ಗಂಡ ತೀರಿಹೋದ ಮೇಲೆ ಪೀರಬಿ ಮಗಳನ್ನು ದಿನಾ ಬಗಲಲ್ಲಿ ಎತ್ತಿಕೊಂಡು ಹೋಗಿ ಶಾಲೆಯಲ್ಲಿ ಕೂರಿಸಿ, ಆಮೇಲೆ ತೊಗರಿ ಹೊಲದ ಕೂಲಿಗೆ ಓಡುತ್ತಿದ್ದಳು. ತಡವಾಯಿತೆಂದು ಹೊಲದವರು ಬೈದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವಳು. ‘ಈ ಕೂಸು ಓದಿ ಏನ್ ಮಾಡೂದದ ಬೇ?’ ಎಂದು ಓಣಿಯವರು ಕೇಳಿ ಕೇಳಿ ಅವರ ಬಾಯಿಯೇ ಸೋತಿತ್ತು.

ಸುನಿತಾ ಟೀಚರು ಮಾತ್ರ ತಾಯಿಕರುಳಿನವರು. ಇರಮಳನ್ನು ಮುಂದಿನ ಸಾಲಿನಲ್ಲಿ ಗೋಡೆಗೆ ಒರಗಿಸಿ, ಪಕ್ಕದಲ್ಲಿ ಗೆಳತಿ ಸೃಷ್ಟಿಯನ್ನು ಕೂರಿಸಿದ್ದರು. ‘ಪೀರಬಿ, ಸಾಲ್ಯಾಗ ಕಲ್ತದ್ದು ಮನ್ಯಾಗ ಆಕೀ ನಿಮಗ ಕಲಸ್ಲಿ. ಕಲಸಿದ್ರ ಮರೆಯಂಗಿಲ್ಲ,’ ಎಂದಿದ್ದರು. ಅಂದಿನಿಂದ ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ಮಗಳೇ ಟೀಚರು. ಪರಾತದ ಅಗಲ ತಟ್ಟೆಯಲ್ಲಿ ಹರಡಿದ ಹಿಟ್ಟಿನಲ್ಲಿ ಇರಮ ನಡುಗುವ ಬೆರಳಿನಿಂದ ಬರೆಯುವಳು, ಪೀರಬಿ ಅದರ ಕೆಳಗೆ ತಿದ್ದುವಳು. ಅಕ್ಷರ ಸೊಟ್ಟಗಾದರೆ ತಾಯಿಯ ಕೈಮೇಲೆ ಏಟು. ದಿನದಲ್ಲಿ ಪೀರಬಿ ನಗುತ್ತಿದ್ದದ್ದು ಆಗೊಮ್ಮೆ ಮಾತ್ರ.

ಸುನಿತಾ ಟೀಚರಿಗೆ ಯಡ್ರಾಮಿಗೆ ವರ್ಗವಾಯಿತು. ಬೇಸಿಗೆ ರಜೆಗೆ ಮುಂಚೆ ಹೆಡ್‌ಮಾಸ್ತರ ಶಾಂತಕುಮಾರ ಪೀರಬಿಯನ್ನು ಕರೆಸಿ ಒಂದು ಹಾಳೆ ಮುಂದಿಟ್ಟ.

‘ಏನ್ರಿ ಸರ್ ಇದು?’

‘ಮನಿ ಆಧಾರಿತದ್ದು. ಸಹಿ ಬೇಕು.’

ಅವಳ ಕಿವಿಗೆ ಬಿದ್ದದ್ದು ಆಧಾರ್. ಬೀಳದೆ ಏನಾದೀತು? ರೇಷನ್ನಿಗೆ ಆಧಾರ್, ಬ್ಯಾಂಕಿಗೆ ಆಧಾರ್. ಇದೇ ಶಾಲೆ ಮೂರು ಸಲ ಅದರ ಝೆರಾಕ್ಸ್ ತರಿಸಿಕೊಂಡಿತ್ತು. ಆ ಮಹಾರಾಯನಿಗೆ ಬಿಡಿಸಿ ಹೇಳಲು ಎರಡು ನಿಮಿಷ ಸಾಕಿತ್ತು. ಅವನು ಹೆಬ್ಬೆಟ್ಟಿಗೆಂದು ಮಸಿಯ ಡಬ್ಬಿ ಸರಿಸಿದ.

‘ಬ್ಯಾಡ್ರಿ, ಬರೀತೇನಿ,’ ಎಂದಳು ಪೀರಬಿ. ನಾಲಿಗೆ ಕಚ್ಚಿಕೊಂಡು ಮೂರೂ ಅಕ್ಷರ ಬರೆದಳು. ಜನ್ಮದ ಮೊದಲ ಸಹಿ. ಮನೆಗೆ ಬಂದು ಹೇಳಿದಾಗ ತಾಯಿ ಮಗಳಿಬ್ಬರೂ ಹಿಗ್ಗಿದ್ದೇ ಹಿಗ್ಗಿದ್ದು.

ಜೂನ್ ತಿಂಗಳಲ್ಲಿ ಎತ್ತಿಕೊಂಡು ಹೋದರೆ ಇರಮಳ ಜಾಗದಲ್ಲಿ ಬೇರೆ ಮಗು ಕೂತಿತ್ತು.

‘ಇರಮಂದು ಇನ್ನ ಮನ್ಯಾಗೇ ಸಾಲಿ,’ ಎಂದ ಶಾಂತಕುಮಾರ. ‘ವಾರಕ್ಕೊಮ್ಮೆ ಟೀಚರ್ ಮನಿಗೇ ಬರ್ತಾರ. ಗೃಹ ಆಧಾರಿತ ಶಿಕ್ಷಣ ಅಂದ್ರ ಅದೇ. ನೀನೇ ಒಪ್ಪೀದಿ.’

‘ನಾ ಆಧಾರ್ ಕಾರ್ಡಿಂದು ಅಂತ ತಿಳ್ಕೊಂಡೆರಿ. ನನಗ ಓದಾಕ ಬರಂಗಿಲ್ರಿ.’

ಅವನು ಹಾಳೆ ತೆಗೆದು ತೋರಿಸಿದ. ‘ಹೆಬ್ಬಟ್ಟು ಒತ್ತಿದ್ರ ಹಂಗ ಅನ್ನಬಹುದಿತ್ತು. ಸಹಿ ಮಾಡೀದಿ. ಓದಾಕ ಬರಂಗಿಲ್ಲ ಅಂದ್ರ ಮ್ಯಾಲಿನವ್ರು ನಂಬ್ತಾರೇನು?’

ಬಗಲಲ್ಲಿದ್ದ ಇರಮ ಹಾಳೆಯತ್ತ ಬಾಗಿ ನೋಡಿದಳು. ‘ಅಮ್ಮೀ, ಬಿ ಚಲೋ ಬಂದದ,’ ಎಂದು ತೊದಲಿದಳು.

ಪೀರಬಿ ಮಗಳನ್ನು ಬಗಲಲ್ಲಿ ಮೇಲಕ್ಕೆ ಸರಿಸಿಕೊಂಡಳು. ಹೊರಗೆ ಬಂದಳು.

ಮನೆಗೆ ಬರುವ ಟೀಚರು ಆರು ತಿಂಗಳಲ್ಲಿ ಎರಡು ಸಲ ಬಂದರು. ಉಳಿದ ದಿನ ಪೀರಬಿ ಹೊರಗಿನಿಂದ ಚಿಲಕ ಹಾಕಿ ಕೂಲಿಗೆ ಹೋಗುತ್ತಾಳೆ, ಇರಮ ಒಳಗೆ ಒಬ್ಬಳೇ ಇರುತ್ತಾಳೆ. ಸಂಜೆ ಇರಮ ಪರಾತ ಮುಂದಿಟ್ಟು ‘ಬರಿ’ ಎಂದರೆ ತಾಯಿ ಹಿಟ್ಟು ಕಲಸಿಬಿಡುತ್ತಾಳೆ. ಎಲ್ಲಿ ಯಾರು ಸಹಿ ಕೇಳಿದರೂ ಪೀರಬಿ ಈಗ ಹೆಬ್ಬೆರಳು ಚಾಚುತ್ತಾಳೆ.